ವಿಳಾಸ

ಹತ್ತಕ್ಕೆ ಮೂರು.
ಮನೆ ಮಾರುವವರ ಪಟ್ಟಿಯಲ್ಲಿ ನಮ್ಮ ಹ್ಯಾಲಿಡೇ ಬೀದಿಯ ಶಾಲೆಯ ಎದುರು
ಕೆಂಪು ಚುಕ್ಕೆಯೊಳಗೆ ಕೂತಿದೆ ಆ ಅಂಕಿ,
ಯಾರೋ ಜ್ವರ ನೋಡಿ ಬರೆದಿಟ್ಟ ಹಾಗೆ.
ಶಾಲೆ ಎಷ್ಟು ಹತ್ತಿರ ಅಂದರೆ
ಅದರ ಮೊದಲ ಗಂಟೆಗೇ ರಾತ್ರಿಪಾಳಿ ಮುಗಿಸಿದ ನಾನು ನಿದ್ದೆಗೆ ಜಾರುವುದು,
ಬಿಡುವಿನ ಗದ್ದಲಕ್ಕೆ ಮಗ್ಗುಲು ಬದಲಿಸುವುದು.

ಯಾರಿತ್ಸಾ ಎರಡು ಕಾಲಂ ಗೀಚಿದ್ದಾಳೆ
ಕರೆಂಟು ಬಿಲ್ಲಿನ ಬೆನ್ನಿಗೆ.
ಒಂದರಲ್ಲಿ: ನಡೆದರೆ ನಾಲ್ಕು ನಿಮಿಷ. ಫೀಸಿಲ್ಲ.
ಇನ್ನೊಂದರಲ್ಲಿ: ಮೂರು.
ಆ ಮೂರರ ಕೆಳಗೆ ಎರಡು ಗೆರೆ ಎಳೆದು
ಪೆನ್ನು ಅಲ್ಲೇ ಬಿಟ್ಟು ಎದ್ದುಹೋಗಿದ್ದಾಳೆ.

ಮಂಗಳವಾರ ನೋಡಲು ಹೋದೆವು.
ಕೊಳಕು ಹಿಮ, ಸರೋವರದ ಕಡೆಯಿಂದ ಕಿವಿ ಕಚ್ಚುವ ಗಾಳಿ.
ಕ್ಲೀವ್‌ಲ್ಯಾಂಡಿಗೆ ವಸಂತ ಬರುವುದೇ ಹೀಗೆ,
ಹಳೇ ಸಾಲ ತೀರಿಸಲು ಬಂದವನಂತೆ, ಮುಖ ಕೊಡದೆ.
ಕರೆಗಂಟೆ ಕೆಟ್ಟಿದೆ, ಬಾಗಿಲು ಬಡಿಯಿರಿ ಎಂದು
ಮಗುವಿನ ಕೈಬರಹದ ಚೀಟಿ, ಮೂರು ಭಾಷೆಯಲ್ಲಿ.
ಕುಡಿಯುವ ನೀರಿನ ನಲ್ಲಿಗೆ ಕಸದ ಚೀಲ ತೊಡಿಸಿ
ಕತ್ತಿಗೆ ಟೇಪು ಸುತ್ತಿದ್ದರು.
ಸೀಸ, ಅಂದಳು ಕಚೇರಿಯವಳು, ಹವಾಮಾನ ಹೇಳುವ ದನಿಯಲ್ಲಿ,
ಬಾಟಲಿ ನೀರು ತರಿಸುತ್ತೇವೆ.
ಗ್ರಂಥಾಲಯಕ್ಕೆ ಬೀಗ. ಗ್ರಂಥಪಾಲಕಿ ಗುರುವಾರ ಮಾತ್ರ,
ಉಳಿದ ದಿನ ಇನ್ನೂ ನಾಲ್ಕು ಶಾಲೆಗೆ ಅವಳೊಬ್ಬಳೇ.
ಯಾರಿತ್ಸಾ ನನ್ನ ತೋಳು ಚಿವುಟಿದಳು.

ಒಂದನೇ ತರಗತಿಯ ಗಾಜಿನಲ್ಲಿ ಇಣುಕಿದರೆ
ಒಬ್ಬ ಹುಡುಗ ಪಂಜರದ ಗಿನಿ ಇಲಿಗೆ ಪುಸ್ತಕ ಓದಿಹೇಳುತ್ತಿದ್ದ,
ತಪ್ಪಿದಾಗಲೆಲ್ಲ ಅದರ ಕ್ಷಮೆ ಕೇಳುತ್ತ.
ಮೇಷ್ಟರು, ಟೈ ಕಟ್ಟಿದ ದಢೂತಿ ಆಳು,
ನೆಲಕ್ಕೆ ಮಂಡಿಯೂರಿ ಯಾವಳದೋ ಶೂ ಲೇಸಿನ ಗಂಟು
ಹಲ್ಲಿನಿಂದ ಬಿಡಿಸುತ್ತಿದ್ದರು.
ಹಲ್ಲಿನಿಂದ! ಅಂದಳು ಯಾರಿತ್ಸಾ, ಹೊರಗೆ ಬಂದ ಮೇಲೆ.
ಹೊಗಳಿಕೆಯೋ ಹೇಸಿಗೆಯೋ ತಿಳಿಯಲಿಲ್ಲ.
ಇದನ್ನು ಯಾವ ಕಾಲಂಗೆ ಬರೆಯುವುದು?

ಮೂಲೆಯಲ್ಲಿ ಫಲಕ ಹಿಡಿದು ಮಿಸ್ ಅರ್ಡೆಲ್,
ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನು ರಸ್ತೆ ದಾಟಿಸುವವಳು.
ಎಂಥಾ ಮಕ್ಕಳು ಬರುತ್ತಾರೆ ಇಲ್ಲಿಗೆ? ಕೇಳಿಯೇಬಿಟ್ಟಳು ಯಾರಿತ್ಸಾ.
ಗಿಡ್ಡ ಮಕ್ಕಳು,
ಅಂದಳು ಅರ್ಡೆಲ್, ಬರುತ್ತಿದ್ದ ಟ್ರಕ್ಕನ್ನು ಅಂಗೈಯಲ್ಲಿ ತಡೆದು.

ರಾತ್ರಿ, ಪಾಳಿಗೆ ಹೊರಡುವ ಮುನ್ನ,
ಅರ್ಜಿ ಮುಂದಿಟ್ಟುಕೊಂಡು ಹೇಳಬೇಕಾಯಿತು.
ನಾನು ಇದೇ ಬೀದಿಯ ಹುಡುಗ, ಅದು ಅವಳಿಗೆ ಗೊತ್ತು.
ಈ ಶಾಲೆಯೊಳಗೆ ಒಂದು ದಿನವೂ ಕೂತವನಲ್ಲ, ಅದು ಗೊತ್ತಿಲ್ಲ.
ಅಮ್ಮ ಬರೆಸಿದ್ದು ವಯೊಲಾ ಚಿಕ್ಕಮ್ಮನ ವಿಳಾಸ,
ದಿಬ್ಬದ ಮೇಲಿನ ಊರಿನದು.
ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಬಾಯಿಪಾಠ ಮಾಡಿಸಿದಳು:
ಹದಿನೆಂಟು ನಲವತ್ತೊಂದು, ಮೇಪಲ್ ಬೀದಿ.
ಕೇಳಿದರೆ ಹೇಳು, ಕೇಳದಿದ್ದರೆ ಬಾಯಿ ಮುಚ್ಚು.
ಎರಡು ಬಸ್ಸು. ಕತ್ತಲಲ್ಲಿ ಹೋಗುತ್ತಿದ್ದೆ, ಕತ್ತಲಲ್ಲಿ ಬರುತ್ತಿದ್ದೆ.
ಓದು ಬಂತು, ಸುಳ್ಳಲ್ಲ. ಅಲ್ಲಿನ ಗ್ರಂಥಾಲಯಕ್ಕೆ ಬೀಗವಿರಲಿಲ್ಲ.
ಹುಟ್ಟುಹಬ್ಬಕ್ಕೆ ಮಾತ್ರ ಯಾರನ್ನೂ ಕರೆಯಲಾಗಲಿಲ್ಲ,
ಕರೆಯಲು ನನಗೊಂದು ಮನೆ ಇರಲಿಲ್ಲ.
ಈ ಬೀದಿಯ ಹುಡುಗರಿಗೋ ನಾನು ಆ ಊರಿನವ.
ಅಮ್ಮನದು ತಪ್ಪು ಅನ್ನಲು ನಾಲಗೆ ಏಳುವುದಿಲ್ಲ.
ಈಗಲೂ ಅರೆನಿದ್ದೆಯಲ್ಲಿ ಎಬ್ಬಿಸಿ ಕೇಳಿ,
ಬಾಯಿಗೆ ಮೊದಲು ಬರುವುದು ಮೇಪಲ್ ಬೀದಿ.

ಯಾರಿತ್ಸಾ ಬಹಳ ಹೊತ್ತು ಬಿಲ್ಲನ್ನು ಮಡಿಚಿ ಬಿಡಿಸಿ ಮಡಿಚಿದಳು.
ಆ ಗಿನಿ ಇಲಿಯ ಹೆಸರೇನು, ಕೇಳಲೇ ಇಲ್ಲ ನಾವು, ಅಂದಳು.
ಆಮೇಲೆ, ಸೀಸ, ಅಂದಳು.
ಆಮೇಲೆ ಏನೂ ಅನ್ನಲಿಲ್ಲ.

ಮಲಗಿದ್ದ ನೈಲಾ ಮೆಟ್ಟಿಲಿಳಿದು ಬಂದಳು,
ಮೇಜಿನಂಚಿಗೆ ಗಲ್ಲವೂರಿ ನಿಂತಳು.
ಇದರಲ್ಲಿ ಏನು ಬರೆಯುವುದು?
ಹೆಸರು, ಅಂದೆ.
ಬರೆದಳು, ಗೆರೆಯಿಂದ ಕಾಲು ಹೊರಚಾಚಿದ ಅಕ್ಷರಗಳಲ್ಲಿ.
ಇದರ ಕೆಳಗೆ?
ವಿಳಾಸ.
ಹಾಗಂದರೆ?
ನಾವಿರುವ ಜಾಗ.
ಅವಳು ತಲೆಯೆತ್ತಿ,
ಬೀದಿದೀಪಕ್ಕೆ ಒಡ್ಡಿಕೊಂಡಿದ್ದ ಬಾಗಿಲ ಮೇಲಿನ ಗಾಜಿನಲ್ಲಿ
ಒಳಗಿನವರಿಗೆ ತಿರುವುಮುರುವು ಕಾಣುವ ಮನೆಯ ಸಂಖ್ಯೆಯನ್ನು
ಒಂದೊಂದೇ ಅಂಕಿಯಾಗಿ, ಗಟ್ಟಿಯಾಗಿ,
ಕೊನೆಯಿಂದ ಓದತೊಡಗಿದಳು.