ನಡಾವಳಿಯಲ್ಲಿ ಇಲ್ಲದ್ದು

ಲಿಯೆಪಾಯ ನಗರಸಭೆಯಲ್ಲಿ ಇಪ್ಪತ್ತೆರಡು ವರ್ಷದಿಂದ
ನಾನು ಬರೆದುಕೊಳ್ಳುವವಳು, ಮಾತಾಡುವವಳಲ್ಲ.
ಯಾರು ಏನಂದರು, ಯಾರು ಅನುಮೋದಿಸಿದರು,
ಎಷ್ಟು ಕೈ ಮೇಲೆದ್ದವು, ಅಷ್ಟೇ.
ಕೆಮ್ಮು ಬರೆಯುವಂತಿಲ್ಲ. ನಿಟ್ಟುಸಿರೂ.

ಮೊದಲ ದೂರು: ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ
ಕುಡುಕರು ಮಲಗುತ್ತಾರೆ.
ಎರಡು ತಾಸು ಅಳೆದೂ ಸುರಿದೂ
ಬೆಂಚು ಕೀಳುವುದೆಂದಾಯಿತು. ಕಿತ್ತರು.
ಬೋಲ್ಟಿನ ನಾಲ್ಕು ತೂತಿನಲ್ಲಿ ಮಳೆ ನಿಂತು
ಗುಬ್ಬಿಗಳಿಗೆ ನಾಲ್ಕು ಕೆರೆಯಾಯಿತು.

ಚಳಿಗಾಲಕ್ಕೆ ಇನ್ನೊಂದು ಅರ್ಜಿ:
ಮುದುಕಿಯರು ಪೇಟೆಗೆ ಬರುತ್ತಿಲ್ಲ.
ಎಂಬತ್ತರ ಮೊಣಕಾಲಿಗೆ
ಮನೆಯಿಂದ ಮೀನಂಗಡಿ ಎರಡು ದಮ್ಮಿನ ದಾರಿ;
ಒಂದು ದಮ್ಮು ಮುಗಿದು ಇನ್ನೊಂದು ಹುಟ್ಟುವ ಜಾಗ
ಆ ಬೆಂಚಾಗಿತ್ತು.
ಯಾವ ನಕ್ಷೆಯಲ್ಲೂ ಇದನ್ನು ಗುರುತು ಹಾಕಿರಲಿಲ್ಲ.

ಆಮೇಲೆ ಇಲ್ಗ್ವಾರ್ಸ್ ಬಂದ, ರೀಗಾದಲ್ಲಿ ಓದಿದವನು.
ಒಳ್ಳೆಯವನು. ಇನ್ನೊಮ್ಮೆ ಹೇಳುತ್ತೇನೆ, ಒಳ್ಳೆಯವನು.
ನಿದ್ದೆಗೆಟ್ಟು ಬಿಡಿಸಿದ ಹೊಸ ಬೆಂಚು:
ನಡುನಡುವೆ ಕಬ್ಬಿಣದ ತೋಳು,
ಕೂರಬಹುದು, ಮಲಗಲಾಗದು.
ಚಪ್ಪಾಳೆ. ಚಪ್ಪಾಳೆಯನ್ನು ಬರೆಯಬಹುದು, ಬರೆದೆ.

ಕುಡುಕರು ಔಷಧಿ ಅಂಗಡಿಯ ಮೆಟ್ಟಿಲಿಗೆ ಹೋದರು.
ತುಂಬು ಮೈಯ ಜೆಂಟಾ
ಎರಡು ತೋಳುಗಳ ನಡುವೆ ಸಿಕ್ಕಿಕೊಂಡು
ಶಾಲೆಯ ಹುಡುಗರ ಎದುರು ಅತ್ತಳು.
ಒತ್ತಿಕೊಂಡು ಕೂರುತ್ತಿದ್ದ ಗಂಡಹೆಂಡಿರು
ಗಡಿಯಾಚೆ ಈಚೆಯ ಊರುಗಳಂತೆ ಕೂತರು.
ಔಷಧಿ ಅಂಗಡಿಯವನ ದೂರು: ಕಡತ ನಲವತ್ತೊಂದು.

ನಾವು ಹಾಸಿಗೆಯನ್ನು ಸರಿಯಾಗಿಯೇ ಅಳೆದೆವು,
ಕಾಲುಗಳನ್ನು ಎಣಿಸಿರಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ
ಬೆಂಚಿನ ಪಕ್ಕ ಅಡುಗೆಮನೆಯ ಕುರ್ಚಿ,
ಹಳದಿ ಬಣ್ಣ ಎದ್ದದ್ದು, ಒಂದು ಕಾಲಿಗೆ ತಂತಿ.
ಯಾರು ಇಟ್ಟರೋ.
ಹಗಲೆಲ್ಲ ಜೆಂಟಾ ಮತ್ತವಳಂಥವರು.
ರಾತ್ರಿ ಹಿಮ ಬಿದ್ದರೆ ಎಗಿಲ್ಸ್,
ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ವೆಲ್ಡರ್,
ಮೆಟ್ಟಿಲ ಮೇಲೆ ಮಲಗುವವರಲ್ಲಿ ಒಬ್ಬ,
ಅದನ್ನು ಮಾಡಿನಡಿಗೆ ಒಯ್ಯುತ್ತಾನೆ,
ಮೊದಲ ಟ್ರಾಮಿಗೆ ಮುಂಚೆ
ತೋಳಲ್ಲಿ ಒರೆಸಿ ತಂದಿಡುತ್ತಾನೆ.
ಮೊದಲ ಟ್ರಾಮು ನನ್ನದು. ನೋಡಿದ್ದೇನೆ.

ಇದರಿಂದ ಏನೂ ಬಗೆಹರಿದಿಲ್ಲ.
ಎಗಿಲ್ಸನ ಕೆಮ್ಮು ಹಾಗೇ ಇದೆ, ಮೆಟ್ಟಿಲೂ ಹಾಗೇ,
ನನ್ನ ಮನೆಯಲ್ಲಿ ಖಾಲಿ ಕೋಣೆಯೊಂದಿದೆ,
ಅದರ ಬಗ್ಗೆ ನಾನೂ ಮಾತೆತ್ತಿಲ್ಲ.

ನಿನ್ನೆ ಸಭೆಯಲ್ಲಿ ಅಧ್ಯಕ್ಷೆ ವೆಲ್ಟಾ ಕೇಳಿದರು:
ನಿಲ್ದಾಣದ ವಿಷಯ ಹೊಸತೇನಾದರೂ?
ಪೆನ್ನು ಎತ್ತಿಕೊಂಡೆ.
ಬರೆದರೆ ಚರ್ಚೆಗೆ ಬರುತ್ತದೆ,
ಚರ್ಚೆಗೆ ಬಂದರೆ ಪರಿಹಾರವಾಗುತ್ತದೆ.
ಏನಿಲ್ಲ ಅಂದೆ.

ತಂತಿ ಸಡಿಲಾಗಿದೆ.
ನಾಳೆ ನೆನಪಿಟ್ಟು ಇಕ್ಕಳ ಒಯ್ಯಬೇಕು.