ಮೊದಲು ರೊಟ್ಟಿ

ಅತ್‌ಬಾಶಿಯಲ್ಲಿ ಸಿಗ್ನಲ್ ಸಿಗುವುದು
ಅಂಚೆ ಕಚೇರಿಯ ಹಿಂಗೋಡೆಗೆ ಬೆನ್ನು ತಾಗಿಸಿ ನಿಂತರೆ.
ಅಲ್ಲಿ ನಿಂತೇ ತೊಕ್ತೊಬುಬು ಅಜ್ಜಿಗೆ
ಅವಳ ಅಂಗಡಿ ತೋರಿಸಿದೆ.
ತೋರಿಸಿದೆ ಅಂದರೆ, ತೋರಿಸಲು ಹೊರಟೆ.

ಬಿಳಿ ಪರದೆ. ನಟ್ಟನಡುವೆ ಒಂದು ಚಕ್ರ,
ಸುತ್ತುತ್ತಲೇ ಇದೆ.
'ಉಣ್ಣೆಯಿಲ್ಲದೆ ಕದಿರು ತಿರುಗಿಸುತ್ತಿರುವವರು
ಯಾರೋ ತಿಲೆಕ್?'

ತಪ್ಪು ನನ್ನದು. ಸ್ವಲ್ಪ ಅವಳದೂ.
ಹೋದ ಚಳಿಗಾಲ ಅವಳ ಕಂಬಳಿಗಳನ್ನು
ಹಿಮದ ಮೇಲೆ ಹಾಸಿ ಚಿತ್ರ ತೆಗೆದಿದ್ದೆ.
'ಹೊಲಿಗೆ ಒಂದೊಂದೂ ಕಾಣಬೇಕು' ಅಂದಿದ್ದಳು.
ಕಂಡವು. ಟಗರುಕೊಂಬಿನ ಸುರುಳಿ,
ಸುರುಳಿಯ ಅಂಚಿಗೆ ಎರಡೆಳೆ ದಾರ,
ದಾರಕ್ಕೆ ಸಿಕ್ಕಿಕೊಂಡ ನಾಯಿಕೂದಲು ಕೂಡ.
ಒಂದೊಂದು ಚಿತ್ರ ಹದಿನಾಲ್ಕು ಎಂಬಿ,
ಅಂಥವು ಮೂವತ್ತೊಂದು, ಎಲ್ಲ ಒಂದೇ ಪುಟದಲ್ಲಿ.
ಮೇಲೆ ನನ್ನ ಶೋಕಿಯ ಹದ್ದಿನ ವಿಡಿಯೊ ಬೇರೆ:
ರೆಕ್ಕೆ ಬಿಚ್ಚಲಿಕ್ಕೇ ಅದಕ್ಕೆ ಅರ್ಧ ನಿಮಿಷ.

ಲೆಕ್ಕ ಓದಿ ಹೇಳಿದೆ:
ಮಾರ್ಚಿಯಲ್ಲಿ ಬಂದವರು ಆರುನೂರ ಹನ್ನೆರಡು.
ಮೂರು ಎಣಿಸುವಷ್ಟರಲ್ಲಿ ಇನ್ನೂರು ಚಿಲ್ಲರೆ ಜನ ನಾಪತ್ತೆ.
ಹತ್ತು ಎಣಿಸುವ ಹೊತ್ತಿಗೆ ಉಳಿದವರು ನಲವತ್ತು.
ಕೊನೆಯ ಕಂಬಳಿ ನೋಡಿದವರು ಇಬ್ಬರು,
ಅವರಲ್ಲೊಬ್ಬ ನಾನು.

ಎಷ್ಟು ಮಾರಿತು ಅಂತ ಅಜ್ಜಿ ಕೇಳಲಿಲ್ಲ.
'ಹೋದವರು ರೊಟ್ಟಿ ಮುರಿದು ಹೋದರೇ?'
ಅಂತ ಕೇಳಿದಳು.

ನಮ್ಮಲ್ಲಿ ಬಂದವನಿಗೆ ಪುರಸೊತ್ತಿಲ್ಲದಿದ್ದರೂ,
ಕುದುರೆಯಿಂದ ಇಳಿಯಲೊಲ್ಲೆ ಅಂದರೂ,
ರೊಟ್ಟಿಯ ತಟ್ಟೆ ಹಿಡಿದು ಹೊರಗೆ ಓಡುತ್ತಾರೆ.
ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳದೆ
ಯಾರೂ ಹೋಗುವ ಹಾಗಿಲ್ಲ.
ನನಗೆ ಗೊತ್ತಿಲ್ಲದ್ದೇನಲ್ಲ.
ಬಿಶ್ಕೆಕ್‌ನಲ್ಲಿ ಕೋಡ್ ಕಲಿಸಿದವರು
ಅದನ್ನು ಪರೀಕ್ಷೆಗೆ ಕೇಳಿರಲಿಲ್ಲ, ಅಷ್ಟೆ.

ಗೋಡೆಗೆ ಒರಗಿ ಬೆರಳು ಮಡಿಚಿದಳು.
'ಐನೂರ ಎಪ್ಪತ್ತೆರಡು ಜನ
ನನ್ನ ಬಾಗಿಲವರೆಗೆ ಬಂದು,
ಒಳಗಿಂದ ಯಾರೂ ಬನ್ನಿ ಅನ್ನದೆ,
ಹಾಗೇ ತಿರುಗಿ ಹೋದರು.
ಬೈಯಲೂ ಇಲ್ಲವೇನೋ ಅವರು?'

ಇಲ್ಲ ಅಜ್ಜಿ.
ಬೈಯುವವರು ಮತ್ತೆ ಬರುವವರು.
ಇವರು ಹೆಬ್ಬೆರಳು ಸರಿಸುತ್ತಾರೆ,
ನೊಣ ಓಡಿಸಿದಷ್ಟು ಹಗುರ.

ಆ ರಾತ್ರಿ ಬೆರಣಿಯೊಲೆಯ ಪಕ್ಕ ಕೂತು
ಹದ್ದನ್ನು ಹಾರಿಬಿಟ್ಟೆ.
ಚಿತ್ರಗಳನ್ನು, ಉಣ್ಣೆಗೆ ಬಿಸಿನೀರು ಹುಯ್ದು
ಚಾಪೆಯಲ್ಲಿ ಸುತ್ತಿ ತುಳಿಯುತ್ತಾರಲ್ಲ,
ಹಾಗೆ ತುಳಿದು ತುಳಿದು ಕುಗ್ಗಿಸಿದೆ.
ಅಜ್ಜಿ ಕನ್ನಡಕ ಏರಿಸಿ ನೋಡಿದಳು.
'ಇಲ್ಲೊಂದು ಹೊಲಿಗೆ ಹೋಯಿತು.'
ಹೋಯಿತು.
'ಇಲ್ಲೂ.'
ಅಲ್ಲೂ.
'ನಾಯಿಕೂದಲು?'
ಅದೂ.
ತುಂಬ ಹೊತ್ತು ಸುಮ್ಮನಿದ್ದಳು.
ಆ ಹೊಲಿಗೆಗಳಿಗೆ ಎಷ್ಟು ಸಂಜೆ ಹಿಡಿದಿತ್ತೋ,
ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಅಂದಳು: 'ಮೊದಲು ರೊಟ್ಟಿ ಇಡು.'
ಇಟ್ಟೆ. ಎಲ್ಲಕ್ಕಿಂತ ಮೇಲೆ,
ಚಿತ್ರವಿಲ್ಲ ಬಣ್ಣವಿಲ್ಲ, ಬರೀ ಅಕ್ಷರ,
ಗೋಡೆಗೆ ಬೆನ್ನು ತಾಗಿಸದೆಯೂ ಮೂಡುವಂಥದ್ದು:
ಬಂದಿರಾ, ಕೂತುಕೊಳ್ಳಿ.
ಕಂಬಳಿ ತರುತ್ತಿದ್ದೇನೆ.

ಮೇ ತಿಂಗಳಲ್ಲಿ ಒಂದು ಆರ್ಡರ್ ಬಂತು.
ನಾನು ಕಾದಿದ್ದ ಪ್ಯಾರಿಸ್‌ನಿಂದಲ್ಲ.
ತೊರುಗಾರ್ತ್ ಗಡಿಯಲ್ಲಿ ಸಾಲು ನಿಂತ ಲಾರಿಯೊಳಗಿಂದ,
ಗಾಜು ಒಡೆದ ಫೋನು, ಸಿಗ್ನಲ್ ಒಂದೇ ಗೀರು,
ಹೆಸರು ಕೆಂಜೆಬೆಕ್.
ಮಗಳ ಮದುವೆಗೆ ಎರಡು ಬೇಕಂತೆ, ಕೆಂಪು ಅಂಚಿನವು.
ಕೊನೆಗೆ ಒಂದು ಸಾಲು ಬರೆದಿದ್ದ:
'ಕೂತಿದ್ದೇನೆ ಅಮ್ಮ, ಅವಸರವಿಲ್ಲ.
ಗಡಿ ತೆರೆಯುವುದು ಸೋಮವಾರ.'