ಗಾಡಿಯ ಹಣೆಬರಹ

ದೊಲೋನ್ ಘಟ್ಟದ ಏರಿನಲ್ಲಿ
ಮುಂದೆ ಏದುತ್ತಿದ್ದ ಕಲ್ಲಿದ್ದಲ ಲಾರಿ
ಒಂದು ಕಲ್ಲು ಎಸೆಯಿತು.
ಕಡಲೆಕಾಳಿನಷ್ಟು ಕಲ್ಲು.
ನನ್ನ ಗಾಡಿಯ ಮುಂದಿನ ಗಾಜಿಗೆ ಟಕ್ ಅಂದಿತು, ಅಷ್ಟೇ.
ಹನ್ನೆರಡು ಜನ ಪ್ರಯಾಣಿಕರು ಒಟ್ಟಿಗೆ
ಸೂರ್ಯಕಾಂತಿ ಬೀಜ ಸುಲಿಯುವುದನ್ನು ನಿಲ್ಲಿಸಿದರು.

ನಾನು ಬೈದೆ. ಲಾರಿಯವನ ಅಪ್ಪನನ್ನು,
ಅವನ ಅಪ್ಪನ ಕುದುರೆಯನ್ನು,
ರಸ್ತೆಗೆ ಜಲ್ಲಿ ಸುರಿದು ಮರೆತ ಸರಕಾರವನ್ನು.
ಬೈಗುಳ ತೀರಿದಾಗ
ಪಕ್ಕದ ಸೀಟಿನಲ್ಲಿ ಬುರುಲ್ಕಾನ್ ಚಿಕ್ಕಮ್ಮ
ಮಡಿಲ ಉಣ್ಣೆಯ ಗಂಟಿನ ಮೇಲೆ ಗಲ್ಲವೂರಿ
ನೋಡುತ್ತಿದ್ದಳು,
ರಸ್ತೆಯನ್ನಲ್ಲ, ಗಾಜನ್ನು.

ನಾರಿನ್‌ನಿಂದ ಕೊಚ್ಕೋರ್ ಸಂತೆಗೆ
ಪ್ರತಿ ಶನಿವಾರ ಅವಳದು ಅದೇ ಸೀಟು.
"ಮೆದೆರ್, ಈ ವಾರ ಬದಲಾಯಿಸಬೇಡ.
ಅದು ಇನ್ನೂ ಮುಗಿದಿಲ್ಲ."
ಏನು ಮುಗಿದಿಲ್ಲ?
ಉತ್ತರವಿಲ್ಲ. ಬಾಯಲ್ಲಿ ಕುರುತ್,
ಒಣಗಿಸಿದ ಉಪ್ಪುಮೊಸರಿನ ಗಟ್ಟಿ ಉಂಡೆ.
ಅದು ಕರಗುವ ತನಕ ಮಾತಾಡುವವಳಲ್ಲ.

ಚಳಿ ಬಂತು.
ರಾತ್ರಿ ಹಿಮ ಗಾಜಿನೊಳಗೆ ಕೈಹಾಕಿ
ಸೀಳನ್ನು ಬೆರಳುದ್ದ ಎಳೆಯಿತು.
ಘಟ್ಟದ ಒಂದೊಂದು ಕುಲುಕಿಗೆ ಒಂದೊಂದು ಕವಲು.
ಮೇಲೆ ಬಲಕ್ಕೆ ಹೊರಟದ್ದು ಎಲ್ಲಿ ನಿಂತೀತು ಎಂದು
ಹಿಂದಿನ ಸೀಟಿನ ಹುಡುಗರು ಪಂದ್ಯ ಕಟ್ಟಿದರು,
ಇಪ್ಪತ್ತು ಸೋಮ್.
ಪೊಲೀಸನೊಬ್ಬ ತಡೆದು ದಂಡದ ಪುಸ್ತಕ ತೆಗೆದ.
ಚಿಕ್ಕಮ್ಮ ಕಿಟಕಿಯಿಂದ ಒಂದು ರೊಟ್ಟಿ ನೀಡಿ
"ಮಗಾ, ಅದು ಗಾಡಿಯ ಹಣೆಬರಹ,
ಅಳಿಸು ಅನ್ನುವುದಕ್ಕೆ ನೀನ್ಯಾರು?" ಅಂದಳು.
ರೊಟ್ಟಿಯನ್ನೂ ಇಟ್ಟುಕೊಂಡ, ದಂಡವನ್ನೂ ಬರೆದ.

ಆ ದಿನ ಗೋರಿಗಳ ದಿಬ್ಬ ದಾಟುವಾಗ
ಎಲ್ಲರೂ ಎರಡೂ ಅಂಗೈಯಿಂದ ಮುಖ ಸವರಿಕೊಂಡರು.
ಅವಳದು ಎಡಗೈ ಒಂದೇ ಬಂತು.
ಬಲಗೈ ಕೋಟಿನ ಜೇಬಿನಲ್ಲಿ ತಡಕಾಡಿ
ಸವೆದ ಸಾಬೂನಿನ ಚೂರೊಂದನ್ನು ತೆಗೆದು
ಮೊಣಕಾಲ ಮೇಲೆ, ಕಪ್ಪು ಲಂಗಕ್ಕೆ,
ಒಂದೇ ಉಸಿರಿನ ಗೆರೆ ಎಳೆಯಿತು.

ಏಪ್ರಿಲಿನಲ್ಲಿ ರೇಡಿಯೇಟರ್ ಕುದಿದು
ಅವಳ ಮನೆಯ ಮುಂದೆಯೇ ಗಾಡಿ ನಿಂತಿತು.
ನೀರು ಕೇಳಲು ಹೋದೆ, ಚಹಾ ಕೊಟ್ಟಳು.
ಬೂಟು ಬಿಚ್ಚಿ ಒಳಗೆ ಇಟ್ಟ ಕಾಲನ್ನು
ಥಟ್ಟನೆ ಎತ್ತಿಕೊಂಡೆ.
ನೆಲದ ಮೇಲೆ ನನ್ನ ಗಾಜು.

ಕೆಂಪು ಉಣ್ಣೆ, ಕಪ್ಪು ಉಣ್ಣೆ,
ಒಂದರ ಮೇಲೊಂದಿಟ್ಟು ಒಂದೇ ಚಾಕುವಿನಲ್ಲಿ ಕೊಯ್ದು
ಇದರ ತುಂಡು ಅದರ ತೂತಿಗೆ ಕೂರಿಸಿ ಹೊಲಿದಿದ್ದಳು.
ಹಾಗಾಗಿ ಬಿರುಕು ಎರಡು ಸಲ,
ಒಮ್ಮೆ ಕತ್ತಲಲ್ಲಿ ಕೆಂಡ,
ಒಮ್ಮೆ ಕೆಂಡದಲ್ಲಿ ಕತ್ತಲು.
ಹುಡುಗರ ಪಂದ್ಯದ ಕವಲೂ ಇತ್ತು,
ಗಾಜಿನಲ್ಲಿ ನಿಂತಲ್ಲಿಂದ ಒಂದು ಗೇಣು ಮುಂದಕ್ಕೆ.

"ಇಷ್ಟು ದೂರ ಬಂದಿರಲಿಲ್ಲವಲ್ಲ?"
"ಬರುತ್ತಿತ್ತು," ಅಂದಳು. "ಗಾಜು ಮುಗಿದುಹೋಯಿತು."

ಗೋಡೆಯ ಮೇಲೆ ಅವಳ ಅಜ್ಜಿಯ ಜಮಖಾನ,
ಎಲ್ಲರ ಮನೆಯಲ್ಲೂ ಇರುವ ಅದೇ ಟಗರಿನ ಕೊಂಬು.
ಅಂಬೆಗಾಲಿಟ್ಟ ದಿನದಿಂದ ಅದನ್ನು ತುಳಿದಿದ್ದೇನೆ.
ಮೊದಲ ಸಲ ಅನಿಸಿತು,
ಯಾವುದೋ ಬೆಳಿಗ್ಗೆ, ಯಾವುದೋ ಬೇಲಿಯ ಬಳಿ
ನಿಜವಾದ ಟಗರೊಂದು ನಿಂತಿದ್ದಿರಬೇಕು.
ಅದಕ್ಕೊಂದು ಹೆಸರೂ ಇದ್ದಿರಬೇಕು.
ಹಾಲು ಕರೆಯಲು ಹೊರಟವಳು ಯಾರೋ
ಪಾತ್ರೆ ಕೆಳಗಿಟ್ಟು,
ಬೈಸಿಕೊಳ್ಳುವಷ್ಟು ಹೊತ್ತು ನಿಂತಿರಬೇಕು.

ಮೇ ತಿಂಗಳು, ಎರಡನೇ ದಂಡದ ನಂತರ,
ಭಾವಮೈದುನನ ಕೈಯಿಂದ ಕಡ ತಂದು
ಹೊಸ ಗಾಜು ಹಾಕಿಸಿದೆ.
ಶನಿವಾರ ಚಿಕ್ಕಮ್ಮ ಹತ್ತಿದಳು,
ನೋಡಿದಳು, "ಚೊಕ್ಕವಾಗಿದೆ" ಅಂದಳು,
ಹೋಗಿ ಹಿಂದಿನ ಸಾಲಿನಲ್ಲಿ ಕೂತಳು,
ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಹುಡುಗನೊಬ್ಬನ ಪಕ್ಕ.

ಒಂಬತ್ತು ವರ್ಷದಿಂದ ಇದೇ ರಸ್ತೆ ನನಗೆ.
ಎಲ್ಲಿ ಗುಂಡಿ, ಎಲ್ಲಿ ಪೊಲೀಸು,
ಎಲ್ಲಿ ಯಾರ ದನ, ಇಷ್ಟು ಗೊತ್ತು.
ಮೊನ್ನೆ ಸೋನ್‌ಕುಲ್ ತಿರುವಿನಲ್ಲಿ
ಮಿಡತೆಯೊಂದು ಬಡಿದು
ಒಂದು ರೆಕ್ಕೆ ಗಾಜಿಗೆ ಅಂಟಿಕೊಂಡಿದೆ.
ಮಧ್ಯಾಹ್ನದ ಬಿಸಿಲು ಎದುರಾದಾಗ
ಅದರ ನರಗಳು ಒಂದೊಂದೂ ಕಾಣುತ್ತವೆ,
ಹಳ್ಳಗಳು ಇಳಿದು ಇಳಿದು
ನಾರಿನ್ ಹೊಳೆಗೆ ಸೇರುವ ಹಾಗೆ.

ನಾಲ್ಕು ದಿನವಾಯಿತು.
ಬಕೆಟ್ಟಿನಲ್ಲಿ ನೀರಿದೆ, ಸೀಟಿನ ಕೆಳಗೆ ಬಟ್ಟೆಯಿದೆ.
ಒರೆಸಿಲ್ಲ.